ಕೊಲೆ ಪ್ರಕರಣದ ನೆರಳಿನಲ್ಲಿ ಅಭಿಮಾನಿಗಳ ಜಾಲತಾಣ ಕಲಹ: ಕಾನೂನು ಏನೆನ್ನುತ್ತದೆ?

ಬೆಂಗಳೂರು: ನಟಿಯೊಬ್ಬರಿಗೆ ಅಶ್ಲೀಲ ಸಂದೇಶ ಕಳುಹಿಸಿದ್ದಕ್ಕಾಗಿ ಯುವಕನೊಬ್ಬನನ್ನು ಕೊಲ್ಲಲಾಯಿತು ಎಂಬುದು ಪೊಲೀಸರ ಆರೋಪ. ಆ ಯುವಕನ ಕುಟುಂಬಕ್ಕೆ ನ್ಯಾಯ ದೊರೆಯಬೇಕೆಂದ ಮತ್ತೊಬ್ಬ ನಟಿಗೆ ಅಂಥವೇ ಅಶ್ಲೀಲ ಸಂದೇಶಗಳ ಸುರಿಮಳೆಯಾಯಿತು. ಚಿತ್ರದುರ್ಗದ ರೇಣುಕಸ್ವಾಮಿ ಕೊಲೆ ಪ್ರಕರಣದ ಸುತ್ತ ಹಬ್ಬಿದ ಅಭಿಮಾನಿಗಳ ಕಲಹದ ವೈಪರೀತ್ಯವಿದು.

ಔಷಧದ ಅಂಗಡಿಯಲ್ಲಿ ಕೆಲಸಕ್ಕಿದ್ದ ರೇಣುಕಸ್ವಾಮಿಯ ಶವ ಬೆಂಗಳೂರಿನ ಸುಮನಹಳ್ಳಿ ಬಳಿ 2024ರ ಜೂನ್ 9ರಂದು ಪತ್ತೆಯಾಯಿತು. ಎರಡು ದಿನಗಳಲ್ಲಿ ನಟ ದರ್ಶನ್ ಮತ್ತು ಪವಿತ್ರಾ ಗೌಡ ಬಂಧಿತರಾದರು. ಒಟ್ಟು ಆರೋಪಿಗಳ ಸಂಖ್ಯೆ 17. ಅದೇ ಡಿಸೆಂಬರ್‌ನಲ್ಲಿ ಹೈಕೋರ್ಟ್ ನೀಡಿದ ಜಾಮೀನನ್ನು ಸುಪ್ರೀಂ ಕೋರ್ಟ್ 2025ರ ಆಗಸ್ಟ್ 14ರಂದು ರದ್ದುಪಡಿಸಿತು. ನವೆಂಬರ್‌ನಲ್ಲಿ ದೋಷಾರೋಪ ನಿಗದಿಯಾದಾಗ ಆರೋಪಿಗಳು ಅದನ್ನು ಅಲ್ಲಗಳೆದರು.

ಜಾಮೀನು ವಿಚಾರಣೆ ಸುಪ್ರೀಂ ಕೋರ್ಟಿನಲ್ಲಿದ್ದಾಗಲೇ, 2025ರ ಜುಲೈನಲ್ಲಿ, ಮಾಜಿ ಸಂಸದೆಯೂ ಆಗಿರುವ ನಟಿ ರಮ್ಯಾ ಜಾಲತಾಣದಲ್ಲಿ ತಮ್ಮ ಅಭಿಪ್ರಾಯ ಪ್ರಕಟಿಸಿದ್ದರು. ಬೆನ್ನಲ್ಲೇ ನಿಂದನೆ, ಅತ್ಯಾಚಾರ ಮತ್ತು ಕೊಲೆಯ ಬೆದರಿಕೆಗಳು ಬಂದವು. ಜುಲೈ 28ರಂದು ಅವರು 43 ಖಾತೆಗಳ ವಿವರದೊಂದಿಗೆ ನಗರ ಪೊಲೀಸ್ ಆಯುಕ್ತರಿಗೆ ದೂರಿತ್ತರು. ಸಿಸಿಬಿ ತನಿಖೆ ಕೈಗೆತ್ತಿಕೊಂಡು ಹಲವರನ್ನು ಬಂಧಿಸಿತು. ದೂರು ಒಂದೇ ಕಡೆಯಿಂದ ಬಂದುದಲ್ಲ. ಅದೇ ವರ್ಷದ ಡಿಸೆಂಬರ್‌ನಲ್ಲಿ ದರ್ಶನ್ ಪತ್ನಿ ವಿಜಯಲಕ್ಷ್ಮಿ ಸಹ, ತಮ್ಮ ವಿರುದ್ಧ ಅವಹೇಳನಕಾರಿ ಬರಹಗಳು ಹರಿದಾಡುತ್ತಿವೆ ಎಂದು ಪೊಲೀಸರ ಮೊರೆಹೊಕ್ಕರು. ಇಬ್ಬರು ಮಹಿಳೆಯರು ನಿಂತ ನೆಲೆ ಬೇರೆ. ಅವರಿಗೆ ಬಂದ ಮಾತುಗಳಲ್ಲಿ ಮಾತ್ರ ಹೆಚ್ಚಿನ ಭೇದವಿರಲಿಲ್ಲ.

ಇಂಥ ದೂರುಗಳನ್ನು ಕಾನೂನು ಕೊಲೆ ಪ್ರಕರಣದೊಂದಿಗೆ ಬೆರೆಸುವುದಿಲ್ಲ. ಯಾರ ಪರ ಬರೆದರು ಎಂಬುದು ಅದಕ್ಕೆ ಮುಖ್ಯವಲ್ಲ. ಏನು ಬರೆದರು ಎಂಬುದಷ್ಟೇ ಮುಖ್ಯ. ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಎ ಕಲಮನ್ನು ಸುಪ್ರೀಂ ಕೋರ್ಟ್ 2015ರಲ್ಲಿ ರದ್ದುಪಡಿಸಿದ ನಂತರ ಜಾಲತಾಣದಲ್ಲಿ ಏನು ಬರೆದರೂ ನಡೆಯುತ್ತದೆ ಎಂಬ ಭ್ರಮೆ ಹಲವರಲ್ಲಿದೆ. ವಾಸ್ತವ ಹಾಗಿಲ್ಲ. ಅಶ್ಲೀಲ ಬರಹ ಪ್ರಕಟಿಸುವುದಕ್ಕೂ ರವಾನಿಸುವುದಕ್ಕೂ ಅದೇ ಕಾಯ್ದೆಯ 67ನೇ ಕಲಮಿನಡಿ ಮೊದಲ ಬಾರಿಗೆ ಮೂರು ವರ್ಷದವರೆಗೆ ಸೆರೆವಾಸ, ಐದು ಲಕ್ಷ ರೂಪಾಯಿವರೆಗೆ ದಂಡ ವಿಧಿಸಬಹುದು. ‘ನಾನು ಬರೆದದ್ದಲ್ಲ, ಬಂದದ್ದನ್ನು ಮುಂದಕ್ಕೆ ಕಳಿಸಿದೆ’ ಎಂಬ ಸಮಜಾಯಿಷಿ ಇಲ್ಲಿ ನಿಲ್ಲುವುದು ಕಷ್ಟ. ಭಾರತೀಯ ನ್ಯಾಯ ಸಂಹಿತೆಯಡಿ ಜೀವಬೆದರಿಕೆಗೆ ಏಳು ವರ್ಷದವರೆಗೆ ಶಿಕ್ಷೆಯಿದೆ. ಹೆಸರು ಮರೆಸಿ ಬೆದರಿಸಿದರೆ ಇನ್ನೂ ಎರಡು ವರ್ಷ ಸೇರಬಹುದು. ಖಾತೆ ಅಳಿಸಿದವರೂ ನಿಶ್ಚಿಂತರಾಗುವಂತಿಲ್ಲ. 2021ರ ನಿಯಮಗಳ ಪ್ರಕಾರ, ಖಾತೆ ರದ್ದಾದ ನಂತರವೂ ನೋಂದಣಿ ಮಾಹಿತಿಯನ್ನು ಸಂಸ್ಥೆಗಳು 180 ದಿನ ಉಳಿಸಿಕೊಳ್ಳಬೇಕು.

2024ರ ಜೂನ್‌ಗೆ ಮುನ್ನವೂ ಈ ದಾರಿ ತೆರೆದೇ ಇತ್ತು. ಅಶ್ಲೀಲ ಸಂದೇಶದ ವಿರುದ್ಧ ಠಾಣೆಯಲ್ಲೋ ರಾಷ್ಟ್ರೀಯ ಸೈಬರ್ ಅಪರಾಧ ಪೋರ್ಟಲ್‌ನಲ್ಲೋ ಒಂದು ದೂರು ಸಾಕಿತ್ತು. ತಪ್ಪು ಸಾಬೀತಾಗಿದ್ದರೆ ಕೆಲವು ವರ್ಷಗಳ ಸೆರೆವಾಸವಾಗುತ್ತಿತ್ತು. ರೇಣುಕಸ್ವಾಮಿ ಸತ್ತಾಗ ಆತನ ಪತ್ನಿ ಗರ್ಭಿಣಿಯಾಗಿದ್ದರು.

ಅಭಿಮಾನಿಗಳ ಜಗಳದಿಂದ ನ್ಯಾಯಾಧೀಶರ ತೀರ್ಪು ಬದಲಾಗದು, ಅವರ ಮುಂದಿರುವುದು ಸಾಕ್ಷ್ಯ ಮಾತ್ರ. ಆದರೆ ಆ ಸಾಕ್ಷ್ಯ ನುಡಿಯಬೇಕಾದವರ ಕೈಯಲ್ಲೂ ಮೊಬೈಲ್ ಇದೆ. ಖ್ಯಾತ ನಟಿಗೇ ಇಂಥ ಬೆದರಿಕೆ ಬರುವುದನ್ನು ಕಂಡ ಸಾಮಾನ್ಯ ಸಾಕ್ಷಿಯ ಮನಸ್ಸಿನಲ್ಲಿ ಏನು ಹಾಯ್ದೀತು? ಆರೋಪಿ ಪ್ರಭಾವಿಯಾದಾಗ ಸಾಕ್ಷಿಗಳ ಮೇಲೆ ಒತ್ತಡ ಬೀಳಬಹುದೆಂಬ ಆತಂಕ ಜಾಮೀನು ರದ್ದತಿಯ ತೀರ್ಪಿನಲ್ಲೂ ವ್ಯಕ್ತವಾಗಿದೆ.

ಇದಕ್ಕಾಗಿಯೇ ಸುಪ್ರೀಂ ಕೋರ್ಟ್ 2018ರಲ್ಲಿ ಸಾಕ್ಷಿಗಳ ರಕ್ಷಣಾ ಯೋಜನೆಗೆ ಅನುಮೋದನೆ ನೀಡಿತು. ಅದರಂತೆ ಪೊಲೀಸರು ಬೆದರಿಕೆಯ ಪ್ರಮಾಣ ಕುರಿತು ವರದಿ ಕೊಡಬೇಕು. ಜಿಲ್ಲಾ ನ್ಯಾಯಾಧೀಶರ ನೇತೃತ್ವದ ಪ್ರಾಧಿಕಾರ ಅದನ್ನು ಪರಿಶೀಲಿಸಿ, ಗುರುತು ಗೋಪ್ಯವಾಗಿಡುವುದರಿಂದ ಮನೆಗೆ ಕಾವಲು ಹಾಕುವವರೆಗೆ ಸೂಕ್ತ ಕ್ರಮಕ್ಕೆ ಆದೇಶಿಸಬಹುದು. ಸಾಕ್ಷಿಯಷ್ಟೇ ಅಲ್ಲ, ಅವರ ಕುಟುಂಬದವರೂ ವಕೀಲರೂ ತನಿಖಾಧಿಕಾರಿಯೂ ಇದಕ್ಕೆ ಅರ್ಜಿ ಸಲ್ಲಿಸಲು ಅವಕಾಶವಿದೆ.