ಗಲ್ಲೆಯ ಲೆಕ್ಕ ಮೊಬೈಲಿನಲ್ಲಿ: ಜಮೆಯಾದ ಹಣಕ್ಕೆ ಕಾರಣವನ್ನೂ ಬರೆದಿಡೋಣ



ನಮ್ಮ ಹಿರಿಯರು ರಾತ್ರಿ ಶಟರು ಎಳೆಯುವ ಮುನ್ನ ಗಲ್ಲೆಯ ಹಣ ಎಣಿಸಿ, ರೋಕಡ ಪುಸ್ತಕದಲ್ಲಿ ಬರೆದು, ದೇವರ ಫೋಟೋಕ್ಕೆ ಕೈಮುಗಿದು ಮನೆಗೆ ಹೋಗುತ್ತಿದ್ದರು. ಈಗ ಗಲ್ಲೆಯಲ್ಲಿ ನೋಟು ಕಡಿಮೆಯಾಗಿದೆ. ಗಿರಾಕಿ ಇಡ್ಲಿ ತಿಂದು ಮೊಬೈಲು ತೋರಿಸಿ ಹೋಗುತ್ತಾನೆ. ಕೌಂಟರಿನ ಮೇಲಿನ ಪುಟ್ಟ ಡಬ್ಬಿ ಹಣ ಬಂತೆಂದು ಕೂಗಿ ಹೇಳುತ್ತದೆ. ಹಣ ಬಂತು, ಲೆಕ್ಕವೂ ತಾನಾಗಿಯೇ ಆಯಿತು ಎಂದು ನಾವು ನಿಶ್ಚಿಂತರಾಗಿರುತ್ತೇವೆ.

ನಾವು ಎಡವುವುದು ಇಲ್ಲೇ. ಎಷ್ಟು ಬಂತು, ಯಾರಿಂದ ಬಂತು ಎಂಬುದನ್ನು ಬ್ಯಾಂಕು ಬರೆದುಕೊಳ್ಳುತ್ತದೆ. ಯಾತಕ್ಕಾಗಿ ಬಂತು ಎಂಬುದು ನಮಗೆ ಮಾತ್ರ ಗೊತ್ತು. ಅದನ್ನು ಆ ದಿನವೇ ಬರೆದಿಡದಿದ್ದರೆ ನಾಲ್ಕು ವರ್ಷ ಕಳೆದ ಮೇಲೆ ನಮಗೂ ನೆನಪಿರುವುದಿಲ್ಲ.

ಊರಿನಲ್ಲಿ ನಡೆದದ್ದು, ನಮಗೆ ಪಾಠ

2025ರ ಜುಲೈ ತಿಂಗಳಲ್ಲಿ ಕರ್ನಾಟಕದ ವಾಣಿಜ್ಯ ತೆರಿಗೆ ಇಲಾಖೆಯು ಸಾವಿರಾರು ಸಣ್ಣ ವ್ಯಾಪಾರಿಗಳಿಗೆ ನೋಟಿಸು ಕಳುಹಿಸಿದ್ದನ್ನು ನೀವು ಓದಿರುತ್ತೀರಿ. ಬೇಕರಿ, ಚಹಾದಂಗಡಿ, ಕಾಂಡಿಮೆಂಟ್ಸ್, ತರಕಾರಿ ಮಾರುವವರಿಗೂ ನೋಟಿಸು ಬಂತು. 2021-22ರಿಂದ 2024-25ರವರೆಗೆ ಯುಪಿಐ ಮೂಲಕ ಬಂದ ಹಣದ ಅಂಕಿಯೇ ಅದಕ್ಕೆ ಆಧಾರ. ಬೆಂಗಳೂರಿನ ಹಲವು ಅಂಗಡಿಗಳಲ್ಲಿ ಕ್ಯುಆರ್ ಹಾಳೆ ಕಿತ್ತು, ನಗದು ಮಾತ್ರ ಎಂಬ ಬೋರ್ಡು ತೂಗುಹಾಕಿದರು. ಮುಷ್ಕರದ ಕರೆಯೂ ಬಂತು. ಕೊನೆಗೆ ರಾಜ್ಯ ಸರ್ಕಾರ ವರ್ತಕರನ್ನು ಕರೆದು ಮಾತನಾಡಿ ಸಮಾಧಾನ ಮಾಡಬೇಕಾಯಿತು.

ಅದು ಕರ್ನಾಟಕದ ವಿಷಯ, ಮುಂಬಯಿ, ಪುಣೆ, ಚೆನ್ನೈ, ಹೈದರಾಬಾದ್, ದೆಹಲಿಯಲ್ಲಿರುವ ನಮಗೇನು ಎನ್ನುವ ಹಾಗಿಲ್ಲ. ಜಿಎಸ್‌ಟಿ ಕಾನೂನು ದೇಶಕ್ಕೆಲ್ಲ ಒಂದೇ. ಯುಪಿಐ ಲೆಕ್ಕವೂ ಎಲ್ಲ ಕಡೆ ಒಂದೇ ತೆರನಾಗಿ ಉಳಿಯುತ್ತದೆ.

ಇಲ್ಲಿ ಇನ್ನೊಂದು ಮಾತು ಗಮನಿಸಬೇಕು. ಬರೀ ಸಾಮಾನು ಮಾರುವ ಅಂಗಡಿಗೆ ಹಲವು ರಾಜ್ಯಗಳಲ್ಲಿ ವರ್ಷಕ್ಕೆ 40 ಲಕ್ಷ ರೂಪಾಯಿ ವಹಿವಾಟಿನವರೆಗೆ ನೋಂದಣಿ ಬೇಕಿಲ್ಲ. ಹೋಟೆಲು, ಮೆಸ್ಸು, ಕೇಟರಿಂಗ್ ಎಲ್ಲವೂ ಕಾನೂನಿನ ಕಣ್ಣಿಗೆ ಸೇವೆ. ಆದ್ದರಿಂದ ಮೇಲೆ ಹೇಳಿದ ಊರುಗಳಲ್ಲಿ ನಮ್ಮ ಮಿತಿ 20 ಲಕ್ಷ. ಪಕ್ಕದ ಕಿರಾಣಿಯವರು ನೋಂದಣಿ ಮಾಡಿಸಿಲ್ಲವೆಂದು ನಾವೂ ಸುಮ್ಮನಿರಲಾಗದು. ದಿನಕ್ಕೆ ಐದೂವರೆ ಸಾವಿರ ರೂಪಾಯಿ ವ್ಯಾಪಾರವಾದರೆ ವರ್ಷಕ್ಕೆ 20 ಲಕ್ಷ ದಾಟುತ್ತದೆ.

ಒಂದು ಮೆಸ್ಸಿನ ಲೆಕ್ಕ

ವಿಷಯ ತಿಳಿಯಾಗಲು ಒಂದು ಉದಾಹರಣೆ ಹಿಡಿಯೋಣ. ಠಾಣೆ ಕಡೆ ಗಂಡ ಹೆಂಡತಿ ಸೇರಿ ನಡೆಸುವ ಒಂದು ಸಣ್ಣ ಮೆಸ್ಸು ಎಂದಿಟ್ಟುಕೊಳ್ಳಿ. ಮನೆಗೂ ಮೆಸ್ಸಿಗೂ ಒಂದೇ ಬ್ಯಾಂಕ್ ಖಾತೆ, ಒಂದೇ ಕ್ಯುಆರ್. ಒಂದು ವರ್ಷದಲ್ಲಿ ಆ ಖಾತೆಗೆ ಜಮೆಯಾದದ್ದು 23,40,000 ರೂಪಾಯಿ.

ಇದರಲ್ಲಿ ಊರಿನ ಜಾಗ ಮಾರಿದಾಗ ಅಣ್ಣ ಕಳುಹಿಸಿದ ಪಾಲು 3,00,000. ಚಿನ್ನ ಅಡವಿಟ್ಟು ತಂದ ಸಾಲ 1,50,000. ಭೀಸಿ ಎತ್ತಿದ ಹಣ 1,20,000. ಪರಿಚಯದವರು ಅರ್ಜೆಂಟಿಗೆ ನಗದು ಬೇಕೆಂದು ಬಂದಾಗ ಗಲ್ಲೆಯಿಂದ ಕೊಟ್ಟು, ಬದಲಿಗೆ ಮೊಬೈಲಿಗೆ ಹಾಕಿಸಿಕೊಂಡದ್ದು 90,000. ಒಟ್ಟು 6,60,000 ರೂಪಾಯಿ ವ್ಯಾಪಾರದ ಹಣವೇ ಅಲ್ಲ. ಉಳಿದ 16,80,000 ಊಟದ ಹಣ. ಅದಕ್ಕೆ ನಗದು ವ್ಯಾಪಾರ 2,40,000 ಸೇರಿಸಿದರೆ ನಿಜವಾದ ವಹಿವಾಟು 19,20,000.

ಅಂದರೆ ಈ ಮೆಸ್ಸಿಗೆ ಆ ವರ್ಷ ನೋಂದಣಿಯ ಅಗತ್ಯವಿರಲಿಲ್ಲ. ಆದರೆ ಇಲಾಖೆಗೆ ಕಾಣುವುದು 23,40,000. ಬರೆದಿಟ್ಟ ಲೆಕ್ಕ ಇಲ್ಲದಿದ್ದರೆ ಶೇಕಡಾ 5ರಂತೆ 1,17,000 ರೂಪಾಯಿ ತೆರಿಗೆ, ಮೇಲೆ ವರ್ಷಕ್ಕೆ ಶೇಕಡಾ 18ರ ಬಡ್ಡಿ, ದಂಡ ಬೇರೆ. ನಾಲ್ಕು ವರ್ಷದ ಹಿಂದೆ ಉಂಡು ಹೋದ ಗಿರಾಕಿಯನ್ನು ಹುಡುಕಿ ತೆರಿಗೆ ಕೇಳಲಾದೀತೇ? ಕೈಯಿಂದಲೇ ಕಟ್ಟಬೇಕು.

ಲೆಕ್ಕ ಎಂದರೆ ತಪ್ಪಿಸಿಕೊಳ್ಳುವ ದಾರಿ ಎಂದು ಯಾರೂ ತಿಳಿಯಬಾರದು. ಇದೇ ಮೆಸ್ಸಿನ ನಗದು ವ್ಯಾಪಾರ ನಾಲ್ಕು ಲಕ್ಷವಾಗಿದ್ದರೆ ಒಟ್ಟು 20 ಲಕ್ಷ ದಾಟುತ್ತಿತ್ತು. ಆಗ 30 ದಿನದೊಳಗೆ ನೋಂದಣಿಗೆ ಅರ್ಜಿ ಹಾಕಲೇಬೇಕು. ದಿನದ ಲೆಕ್ಕ ಕೈಯಲ್ಲಿದ್ದವರಿಗೆ ಮಿತಿ ಹತ್ತಿರ ಬಂದದ್ದು ಮೊದಲೇ ಗೊತ್ತಾಗುತ್ತದೆ.

ಮೊಬೈಲಿನ ಲೆಕ್ಕ ನಡೆಯುತ್ತದೆಯೇ?

ನಡೆಯುತ್ತದೆ. ಲೆಕ್ಕಪತ್ರವನ್ನು ಎಲೆಕ್ಟ್ರಾನಿಕ್ ರೂಪದಲ್ಲಿ ಇಡಲು ಜಿಎಸ್‌ಟಿ ಕಾನೂನಿನಲ್ಲಿ ಅವಕಾಶವಿದೆ. ನೋಂದಣಿ ಇರುವವರು ಮೂರು ಮಾತು ನೆನಪಿಡಬೇಕು. ಒಂದು, ಲೆಕ್ಕಕ್ಕೆ ಬ್ಯಾಕಪ್ ಇರಬೇಕು, ಮೊಬೈಲು ಹಾಳಾದರೂ ಲೆಕ್ಕ ಮರಳಿ ತೆಗೆಯುವಂತಿರಬೇಕು. ಎರಡು, ಬರೆದದ್ದನ್ನು ಅಳಿಸಬಾರದು, ತಿದ್ದಿದರೆ ತಿದ್ದಿದ ದಾಖಲೆ ಉಳಿಯಬೇಕು. ಮೂರು, ವಾರ್ಷಿಕ ರಿಟರ್ನ್ ಸಲ್ಲಿಸುವ ಕೊನೆಯ ದಿನಾಂಕದಿಂದ 72 ತಿಂಗಳು ದಾಖಲೆ ಕಾಪಾಡಬೇಕು. 2024-25ರ ವಾರ್ಷಿಕ ರಿಟರ್ನ್‌ಗೆ ಕೊನೆಯ ದಿನ 2025ರ ಡಿಸೆಂಬರ್ 31. ಆ ವರ್ಷದ ಲೆಕ್ಕ 2031ರ ಡಿಸೆಂಬರ್ 31ರವರೆಗೆ ಇರಬೇಕು. ಕೇಸು ನಡೆಯುತ್ತಿದ್ದರೆ ಇನ್ನೂ ಹೆಚ್ಚು ಕಾಲ.

ಇಷ್ಟು ವರ್ಷ ಒಂದೇ ಮೊಬೈಲು ಯಾರ ಕೈಯಲ್ಲೂ ಬಾಳುವುದಿಲ್ಲ. ಹಾಗಾಗಿ ಮೊಬೈಲು ಬರೆಯುವ ಸಾಧನ ಮಾತ್ರ, ಲೆಕ್ಕ ಉಳಿಯುವ ಜಾಗ ಬೇರೆ ಇರಬೇಕು.

ನಾವು ಸೂಚಿಸುವ ಕ್ರಮ

1. ಹೋಟೆಲಿಗೆ ಬೇರೆ ಖಾತೆ, ಬೇರೆ ಕ್ಯುಆರ್. ಇದು ಎಲ್ಲಕ್ಕಿಂತ ಮೊದಲು. ಮಗಳ ಫೀಸು, ಊರಿನ ಹಣ, ಭೀಸಿ, ಸಾಲ ಯಾವುದೂ ಹೋಟೆಲಿನ ಕ್ಯುಆರ್‌ಗೆ ಬರಕೂಡದು. ಕ್ಯಾಶಿಯರನ ಸ್ವಂತ ನಂಬರಿಗೆ ಗಿರಾಕಿಯ ಹಣ ಹಾಕಿಸುವುದನ್ನೂ ಇಂದೇ ನಿಲ್ಲಿಸಿ. ಅದು ನಮಗೂ ತೊಂದರೆ, ಆ ಹುಡುಗನಿಗೂ ತೊಂದರೆ.

2. ರಾತ್ರಿ ಹತ್ತು ನಿಮಿಷ. ಗೂಗಲ್ ಶೀಟ್ಸ್‌ನಂಥ ಉಚಿತ ಆ್ಯಪ್ ಸಾಕು, ಕನ್ನಡದಲ್ಲೇ ಬರೆಯಬಹುದು. ತಾರೀಕು, ನಗದು ವ್ಯಾಪಾರ, ಯುಪಿಐ ವ್ಯಾಪಾರ, ಆನ್‌ಲೈನ್ ಆರ್ಡರು, ಖರ್ಚು, ಕೊನೆಯಲ್ಲಿ ಷರಾ ಎಂದು ಆರು ಕಾಲಂ ಮಾಡಿ. ವ್ಯಾಪಾರವಲ್ಲದ ಹಣ ಬಂದಿದ್ದರೆ ಷರಾದಲ್ಲಿ ಒಂದೇ ಸಾಲು: ಅಣ್ಣನಿಂದ, ಜಾಗದ ಪಾಲು. ಈ ಒಂದು ಸಾಲಿನ ಬೆಲೆ ಎಷ್ಟೆಂದು ಮೇಲಿನ ಉದಾಹರಣೆಯಲ್ಲಿ ನೋಡಿದ್ದೇವೆ. ಆದರೆ ಬರೀ ಷರಾ ಸಾಲದು. ಜಾಗದ ಕಾಗದ, ಸಾಲದ ಚೀಟಿ, ಭೀಸಿಯ ಪುಸ್ತಕ ಇವುಗಳ ಫೋಟೋವನ್ನೂ ಜೊತೆಗಿಡಿ. ಶೀಟ್ಸ್‌ನಲ್ಲಿ ಯಾರು ಯಾವಾಗ ಏನು ತಿದ್ದಿದರೆಂಬ ಇತಿಹಾಸವೂ ಉಳಿಯುತ್ತದೆ.

3. ಬಿಲ್ಲು ಬಂದ ಕೂಡಲೇ ಫೋಟೋ. ಮಿಷನ್ನಿನಿಂದ ಬರುವ ನುಣುಪು ಕಾಗದದ ಬಿಲ್ಲು ಅಡುಗೆಮನೆಯ ಶಾಖಕ್ಕೆ ಕೆಲವೇ ತಿಂಗಳಲ್ಲಿ ಮಾಸಿ ಬಿಳಿಯಾಗುತ್ತದೆ. ಗ್ಯಾಸ್ ಸಿಲಿಂಡರು, ಎಣ್ಣೆ, ಬೇಳೆ, ಬಾಡಿಗೆ, ಕರೆಂಟು ಎಲ್ಲದರ ಬಿಲ್ಲಿಗೂ ಫೋಟೋ ತೆಗೆದು ತಿಂಗಳಿಗೊಂದು ಫೋಲ್ಡರಿನಲ್ಲಿ ಹಾಕಿ. ವಾಶಿ ಮಾರ್ಕೆಟ್ಟಿನಲ್ಲೋ ಕೋಯಂಬೇಡಿನಲ್ಲೋ ತರಕಾರಿಗೆ ಕೊಡುವ ಕಚ್ಚಾ ಚೀಟಿಯಾದರೂ ಸರಿ, ಅದರ ಮೇಲೆ ತಾರೀಕು, ವ್ಯಾಪಾರಿಯ ಹೆಸರು ಬರೆದು ಫೋಟೋ ತೆಗೆಯಿರಿ. ಫೋಟೋ ಆಯಿತೆಂದು ಮೂಲ ಬಿಲ್ಲನ್ನು ಎಸೆಯಬೇಡಿ. ಫೈಲಿನಲ್ಲಿ ಅದೂ ಇರಲಿ.

4. ಪಾರ್ಟಿ ಆರ್ಡರಿನ ಮುಂಗಡ. ಡಿಸೆಂಬರಿನ ಮದುವೆಗೆ ಸೆಪ್ಟೆಂಬರಿನಲ್ಲಿ 50,000 ರೂಪಾಯಿ ಬಂತೆನ್ನಿ. ನೋಂದಣಿ ಇದ್ದವರು ಕೇಟರಿಂಗಿನ ಮುಂಗಡಕ್ಕೆ ತೆರಿಗೆಯನ್ನು ಹಣ ಬಂದಾಗಲೇ ಲೆಕ್ಕಕ್ಕೆ ಹಿಡಿಯಬೇಕು, ಊಟ ಬಡಿಸುವವರೆಗೆ ಕಾಯುವ ಹಾಗಿಲ್ಲ. ಆದ್ದರಿಂದ ಮುಂಗಡಕ್ಕೆ ರಶೀದಿ ಕೊಡಿ. ವಾಟ್ಸಾಪ್‌ನಲ್ಲಿ ಒಪ್ಪಿದ ಎಲೆ ಲೆಕ್ಕ, ದರ, ತಾರೀಕು ಇವುಗಳ ಸ್ಕ್ರೀನ್‌ಶಾಟ್ ತೆಗೆದು ಅದರ ಜೊತೆ ಇಡಿ. ಆರ್ಡರು ರದ್ದಾಗಿ ಹಣ ಹಿಂದಿರುಗಿಸಿದರೆ ಅದನ್ನೂ ಬರೆಯಿರಿ.

5. ಕಂಪನಿ ಆರ್ಡರು. ಕಂಪನಿಯವರು ಕೇಟರಿಂಗ್ ಬಿಲ್ಲಿನಲ್ಲಿ ಟಿಡಿಎಸ್ ಮುರಿದುಕೊಂಡು ಕೊಡುವುದುಂಟು. ಸ್ವಂತ ಹೆಸರಿನ ವ್ಯಾಪಾರಕ್ಕೆ ಇದು ಶೇಕಡಾ 1. ಖಾತೆಗೆ 99,000 ಬಂದರೂ ನಮ್ಮ ವಹಿವಾಟು 1,00,000. ಮುರಿದ 1,000 ನಮ್ಮ ಹೆಸರಿನಲ್ಲೇ ಸರ್ಕಾರದಲ್ಲಿದೆ, ರಿಟರ್ನ್‌ನಲ್ಲಿ ಕೇಳಿ ಪಡೆಯಬೇಕು.

6. ಸ್ವಿಗ್ಗಿ, ಜೊಮ್ಯಾಟೊ ಲೆಕ್ಕ. ಇಲ್ಲಿ ನಮ್ಮವರು ಹೆಚ್ಚು ತಪ್ಪುತ್ತಾರೆ. 1 ಲಕ್ಷ ರೂಪಾಯಿಯ ತಿಂಡಿ ಹೋಗಿ, ಕಮಿಷನ್ ಮತ್ತಿತರ ಬಾಬ್ತು 25,000 ಕಳೆದು 75,000 ಖಾತೆಗೆ ಬಂದರೆ, ವ್ಯಾಪಾರ 1 ಲಕ್ಷವೇ, ಕಮಿಷನ್ ಖರ್ಚು. 2022ರ ಜನವರಿ 1ರಿಂದ ಈ ಆರ್ಡರುಗಳ ಮೇಲಿನ ಜಿಎಸ್‌ಟಿಯನ್ನು ಆ ಕಂಪನಿಗಳೇ ಕಟ್ಟುತ್ತವೆ. ಆದರೆ ಆ ವ್ಯಾಪಾರ ನಮ್ಮ 20 ಲಕ್ಷದ ಲೆಕ್ಕಕ್ಕೆ ಸೇರುತ್ತದೆ, ನೋಂದಣಿ ಇದ್ದವರು ರಿಟರ್ನ್‌ನಲ್ಲಿ ಅದರ ಕಾಲಂನಲ್ಲಿ ತೋರಿಸಬೇಕು. ಅವರ ಆ್ಯಪ್‌ನಿಂದ ಪಾವತಿಯ ಸ್ಟೇಟ್‌ಮೆಂಟನ್ನು ಆಗಾಗ ಇಳಿಸಿಟ್ಟುಕೊಳ್ಳಿ.

7. ತಿಂಗಳ ಕೊನೆಗೆ ಬ್ಯಾಕಪ್. ಬ್ಯಾಂಕಿನ ಸ್ಟೇಟ್‌ಮೆಂಟನ್ನು ಪಿಡಿಎಫ್ ರೂಪದಲ್ಲಿ ಇಳಿಸಿ ದಿನದ ಲೆಕ್ಕದೊಂದಿಗೆ ತಾಳೆ ನೋಡಿ. ವ್ಯತ್ಯಾಸವಿದ್ದರೆ ಆ ತಿಂಗಳಲ್ಲೇ ಹುಡುಕಿ. ನಂತರ ಫೋಲ್ಡರಿನ ಒಂದು ಪ್ರತಿ ಹೋಟೆಲಿನ ಹೆಸರಿನ ಇಮೇಲ್ ಖಾತೆಯಲ್ಲಿ, ಇನ್ನೊಂದು ಪೆನ್‌ಡ್ರೈವಿನಲ್ಲಿ, ಮತ್ತೊಂದು ನಿಮ್ಮ ಸಿಎ ಬಳಿ ಇರಲಿ. ಇಮೇಲ್ ಮತ್ತು ಪಾಸ್‌ವರ್ಡು ಧಣಿಯ ಕೈಯಲ್ಲೇ ಇರಬೇಕು. ಮ್ಯಾನೇಜರನ ಮೊಬೈಲಿನಲ್ಲಿ ಲೆಕ್ಕವಿಟ್ಟರೆ, ಅವನು ಕೆಲಸ ಬಿಟ್ಟ ದಿನ ಲೆಕ್ಕವೂ ಹೋಯಿತು.

ಆದಾಯ ತೆರಿಗೆಯಲ್ಲಿ ಲಾಭ

ನಗದು ಮತ್ತು ಯುಪಿಐ ವ್ಯಾಪಾರವನ್ನು ಬೇರೆ ಬೇರೆ ಕಾಲಂನಲ್ಲಿ ಬರೆಯಲು ಇನ್ನೊಂದು ಕಾರಣವಿದೆ. ಸಣ್ಣ ವ್ಯಾಪಾರಿಗಳಿಗೆ ಆದಾಯ ತೆರಿಗೆಯಲ್ಲಿ ಅಂದಾಜು ಆದಾಯದ ಪದ್ಧತಿಯಿದೆ. ವಹಿವಾಟು 2 ಕೋಟಿಯವರೆಗೆ, ನಗದು ಜಮೆ ಶೇಕಡಾ 5ರೊಳಗಿದ್ದರೆ 3 ಕೋಟಿಯವರೆಗೆ ಇದನ್ನು ಆರಿಸಿಕೊಳ್ಳಬಹುದು. ನಗದು ವ್ಯಾಪಾರದ ಶೇಕಡಾ 8, ಬ್ಯಾಂಕು ಅಥವಾ ಯುಪಿಐ ಮೂಲಕ ಬಂದ ವ್ಯಾಪಾರದ ಶೇಕಡಾ 6 ಕನಿಷ್ಠ ಲಾಭವೆಂದು ತೋರಿಸಿದರೆ ಸಾಕು. ನಿಜವಾದ ಲಾಭ ಅದಕ್ಕಿಂತ ಹೆಚ್ಚಿದ್ದರೆ ಹೆಚ್ಚೇ ತೋರಿಸಬೇಕು.

ನಮ್ಮ ಮೆಸ್ಸಿನ ಉದಾಹರಣೆಗೆ ಬಂದರೆ 16,80,000ಕ್ಕೆ ಶೇಕಡಾ 6ರಂತೆ 1,00,800, ನಗದು 2,40,000ಕ್ಕೆ ಶೇಕಡಾ 8ರಂತೆ 19,200. ಒಟ್ಟು 1,20,000. ಬೇರೆ ಬೇರೆ ಲೆಕ್ಕವಿಲ್ಲದೆ ಎಲ್ಲಕ್ಕೂ ಶೇಕಡಾ 8 ಹಿಡಿದರೆ 1,53,600. ಯುಪಿಐಗೆ ಹೆದರಿ ಕ್ಯುಆರ್ ಕಿತ್ತು ಹಾಕುವವರು ಇದನ್ನು ಯೋಚಿಸಬೇಕು.

ನಮ್ಮ ಪಾನ್ ನಂಬರಿನ ಮೇಲೆ ಇಲಾಖೆಗೆ ಏನೇನು ಮಾಹಿತಿ ಹೋಗಿದೆ ಎಂಬುದನ್ನೂ ಮೊಬೈಲಿನಲ್ಲೇ ನೋಡಬಹುದು. 2023ರಲ್ಲಿ ಆದಾಯ ತೆರಿಗೆ ಇಲಾಖೆಯೇ ಎಐಎಸ್ ಫಾರ್ ಟ್ಯಾಕ್ಸ್‌ಪೇಯರ್ ಎಂಬ ಉಚಿತ ಆ್ಯಪ್ ಬಿಟ್ಟಿದೆ. ಅದರಲ್ಲಿ ಕಾಣುವ ಟಿಡಿಎಸ್, ಬಡ್ಡಿ ಮೊದಲಾದವನ್ನು ನಿಮ್ಮ ಲೆಕ್ಕದೊಂದಿಗೆ ಹೋಲಿಸಿ, ತಪ್ಪಿದ್ದರೆ ಅಲ್ಲೇ ತಿಳಿಸಲು ಅವಕಾಶವಿದೆ.

ಕೊನೆಗೆ ಒಂದು ಎಚ್ಚರಿಕೆ. ತೆರಿಗೆ ನೋಟಿಸೆಂದು ಹೇಳಿ ವಾಟ್ಸಾಪ್‌ನಲ್ಲಿ ಬರುವ ಲಿಂಕುಗಳನ್ನು ಒತ್ತಬೇಡಿ, ಒಟಿಪಿ ಯಾರಿಗೂ ಹೇಳಬೇಡಿ. ನಿಜವಾದ ನೋಟಿಸು ಬಂದರೆ ಹೆದರಿ ಮೂಲೆಗೆ ಹಾಕಬೇಡಿ. ಅದರಲ್ಲಿ ಹೇಳಿದ ದಿನದೊಳಗೆ ಸಿಎ ಮೂಲಕ ಉತ್ತರ ಕೊಡಿ. ಉತ್ತರ ಕೊಡದೆ ಬಿಟ್ಟರೆ ಇಲಾಖೆಯ ಅಂಕಿಯೇ ಕೊನೆಯ ಅಂಕಿಯಾಗುತ್ತದೆ.

ಊಟ ಬಲ್ಲವನಿಗೆ ರೋಗವಿಲ್ಲ ಎಂದು ಗಿರಾಕಿಗೆ ಹೇಳುವವರು ನಾವು. ಲೆಕ್ಕ ಬಲ್ಲವನಿಗೆ ನೋಟಿಸಿನ ಭಯವಿಲ್ಲ ಎಂದು ನಮಗೆ ನಾವೇ ಹೇಳಿಕೊಳ್ಳೋಣ. ಹೊಸ ವರ್ಷಕ್ಕೆ, ದೀಪಾವಳಿಯ ಅಂಗಡಿ ಪೂಜೆಗೆ ಎಂದು ಮುಂದೂಡದೆ ಇಂದು ರಾತ್ರಿಯ ವ್ಯಾಪಾರದಿಂದಲೇ ಬರೆಯಲು ತೊಡಗೋಣ. ಮೊಬೈಲು ಬಾರದ ಹಿರಿಯರಿಗೆ ಮನೆಯ ಮಕ್ಕಳು ಒಂದು ವಾರ ಜೊತೆಗೆ ಕುಳಿತು ಕಲಿಸಿಕೊಟ್ಟರೆ ಸಾಕು. ರೋಕಡ ಪುಸ್ತಕ ಬರೆದ ಕೈಗೆ ಇದು ಕಷ್ಟವಾಗದು.