ಗಾರೆ ಗಟ್ಟಿಯಾಗುವುದು ಒಣಗಿ ಅಲ್ಲ!

ಸಿಮೆಂಟು ಒಣಗಿ ಗಟ್ಟಿಯಾಗುತ್ತದೆ ಎಂದೇ ಬಹಳ ಮಂದಿಯ ನಂಬಿಕೆ. ಅಸಲಿಗೆ ಅದು ನೀರಿನೊಂದಿಗೆ ರಾಸಾಯನಿಕವಾಗಿ ಬೆರೆತು ಕಲ್ಲಾಗುತ್ತದೆ. ನೀರಿನಲ್ಲಿ ಮುಳುಗಿದ್ದರೂ ಗಟ್ಟಿಯಾಗುವುದು ಇದೇ ಕಾರಣಕ್ಕೆ.

ಕಾಂಪೌಂಡಿಗೆ ನೀವೇ ಬ್ಲಾಕ್ ಕಟ್ಟುವುದಾದರೆ ಒಂದು ಬಾಂಡ್ಲಿ ಸಿಮೆಂಟಿಗೆ ಆರು ಬಾಂಡ್ಲಿ ಮರಳು ಸಾಕು. ಎರಡನ್ನೂ ಒಂದೇ ಬಣ್ಣ ಬರುವವರೆಗೆ ಒಣದಾಗಿಯೇ ಕಲಸಿ, ಆಮೇಲೆ ಸ್ವಲ್ಪಸ್ವಲ್ಪವೇ ನೀರು ಹಾಕಬೇಕು. ಕರಣೆ ಓರೆ ಮಾಡಿದಾಗ ಗಾರೆ ಜಾರದೆ ಅಂಟಿಕೊಂಡಿದ್ದರೆ ಹದ ಸರಿ. ಕಲಸಿದ್ದನ್ನು ಅರ್ಧ ಗಂಟೆಯೊಳಗೆ ಮುಗಿಸುವುದು ಕ್ಷೇಮ. ಬಿಗಿದುಕೊಂಡ ಗಾರೆಗೆ ಮತ್ತೆ ನೀರು ಸುರಿದು ಮೆತ್ತಗೆ ಮಾಡುವವರಿದ್ದಾರೆ. ಸಿಮೆಂಟಿನ ದುಡ್ಡು ಉಳಿಯುತ್ತದೆ, ಗೋಡೆಯ ಬಲ ಹೋಗುತ್ತದೆ.

ಇಟ್ಟಿಗೆಯನ್ನು ನೆನೆಸಿ ಕಟ್ಟುವ ರೂಢಿಯಂತೆ ಕಾಂಕ್ರೀಟ್ ಬ್ಲಾಕನ್ನೂ ತೊಟ್ಟಿಗೆ ಹಾಕಬೇಡಿ. ನೀರು ಕುಡಿದ ಬ್ಲಾಕ್ ಒಣಗುವಾಗ ಕುಗ್ಗಿ ಗೋಡೆ ಬಿರುಕು ಬಿಡುತ್ತದೆ. ಬಿರುಬಿಸಿಲಿದ್ದರೆ ಮೈಮೇಲೆ ನೀರು ಚಿಮುಕಿಸಿದರಾಯಿತು.

ಕಟ್ಟಿದ ಮರುದಿನದಿಂದ ಕನಿಷ್ಠ 7 ದಿನ ಕ್ಯೂರಿಂಗ್ ಬೇಕು. ಬೆಳಿಗ್ಗೆ ಪೈಪು ಹಿಡಿದು ಸಂಜೆವರೆಗೆ ಮರೆಯುವುದಕ್ಕಿಂತ ಗೋಡೆಯ ಮೇಲೆ ಒದ್ದೆ ಗೋಣಿಚೀಲ ಇಳಿಬಿಟ್ಟರೆ ನೀರೂ ಉಳಿತಾಯ, ತೇವವೂ ಆರದು.