ಎಳೆಯುವ ನಾಯಿಗೆ ಯಾವ ಹಾರ್ನೆಸ್? ಮೊದಲು ಹಗ್ಗ ಹಿಡಿಯುವ ಕೈ ನೋಡಿ

ಚನ್ನಗಿರಿ, ಹೊನ್ನಾಳಿ ಕಡೆಯ ತೋಟದ ಮನೆಗಳಲ್ಲಿ ಈಗ ಜರ್ಮನ್ ಶೆಫರ್ಡ್, ರಾಟ್‌ವೀಲರ್ ಕಾಣುವುದು ಹೊಸದೇನಲ್ಲ. ಜಗಳೂರಿನ ಬಯಲಿನಲ್ಲಿ ಮುಧೋಳ ತಳಿ ಸಾಕುವವರೂ ಇದ್ದಾರೆ. ತೋಟ ಕಾಯಲಿ, ಹಂದಿ ಬಂದರೆ ಬೊಗಳಲಿ ಅಂತ ತರುತ್ತೇವೆ. ಆದರೆ ದಿನಕ್ಕೊಮ್ಮೆ ಓಡಾಡಿಸಲು ಕರೆದುಕೊಂಡು ಹೋದಾಗ ನಾಯಿ ನಮ್ಮನ್ನೇ ಎಳೆದುಕೊಂಡು ಹೋಗುತ್ತದೆ.

ನ್ಯಾಮತಿ ಕಡೆಯ ಗೆಳೆಯನೊಬ್ಬ ಹೋದ ಅಡಿಕೆ ಕೊಯ್ಲಿನ ಟೈಮಲ್ಲಿ ಫೋನ್ ಮಾಡಿದ್ದ. ಅವನ ನಾಯಿ 30 ಕೆಜಿ ಮೇಲಿದೆ. ಅವನು ಕೊಯ್ಲಿಗೆ ಹೋದಾಗ ಹಗ್ಗ ಹಿಡಿಯುವುದು ಅವರಮ್ಮ. ಬೆಕ್ಕು ಕಂಡು ನಾಯಿ ನುಗ್ಗಿತು. ಹಗ್ಗವನ್ನು ಕೈಗೆ ಸುತ್ತಿಕೊಂಡಿದ್ದ ಅಮ್ಮ ಬಿದ್ದು ಮಣಿಕಟ್ಟು ಮುರಿಯಿತು. ಕೊಯ್ಲಿನ ನಡುವೆ ಮನೆಯಲ್ಲಿ ಹಾಲು ಕರೆಯುವವರೇ ಇಲ್ಲದಂತಾಯಿತು. "ಅಣ್ಣಾ, ಗಟ್ಟಿ ಬೆಲ್ಟ್ ಯಾವುದು ಹೇಳು" ಅಂದ. "ಬೆಲ್ಟ್ ಗಟ್ಟಿ ಇದ್ದರೆ ಸಾಲದು, ನಿಮ್ಮಮ್ಮನ ಕೈಗೆ ನಾಯಿ ನಿಲ್ಲಬೇಕು. ಅದನ್ನ ನೋಡು" ಅಂದೆ. ಈ ವಾರದ ಲೇಖನದ ಸಾರ ಇಷ್ಟೇ: ಮನೆಯಲ್ಲಿ ಎಲ್ಲರಿಗಿಂತ ಕಡಿಮೆ ಬಲದ ಕೈ ಯಾವುದೋ, ಅದಕ್ಕೆ ಹೊಂದುವ ಹಾರ್ನೆಸ್ ಆರಿಸಬೇಕು.

ಕೊರಳ ಬೆಲ್ಟ್ ಯಾಕೆ ಬೇಡ?

ಎಳೆಯುವ ನಾಯಿಯ ಪೂರ್ತಿ ಜೋರು ಗಂಟಲಿನ ಮೇಲೆ ಬೀಳುತ್ತದೆ. ಕೆಮ್ಮು, ಗೊರಗೊರ ಸದ್ದು ಕೇಳಿರುತ್ತೀರಿ. ಕೊರಳಪಟ್ಟಿ ಹಾಕಿ ಎಳೆದಾಗ ನಾಯಿಯ ಕಣ್ಣಿನೊಳಗಿನ ಒತ್ತಡ ಏರುತ್ತದೆ, ಹಾರ್ನೆಸ್ ಹಾಕಿದರೆ ಹಾಗೆ ಏರುವುದಿಲ್ಲ ಎಂದು 2006ರಲ್ಲಿ ಪ್ರಕಟವಾದ ಅಧ್ಯಯನವೊಂದು ತೋರಿಸಿದೆ. ಕುತ್ತಿಗೆ ಬಿಗಿಯುವ ಚೈನ್, ಮುಳ್ಳಿನ ಬೆಲ್ಟ್ ಅಂತೂ ಬೇಡವೇ ಬೇಡ. ನೋವಾದ ನಾಯಿ ಸಿಟ್ಟಾಗುತ್ತದೆ, ಎಳೆಯುವುದನ್ನು ಬಿಡುತ್ತದೆ ಅನ್ನುವ ಖಾತ್ರಿ ಇಲ್ಲ.

ರಿಂಗ್ ಎಲ್ಲಿದೆ ನೋಡಿ

ಎತ್ತು ಕಟ್ಟಿದವರಿಗೆ ಇದು ಬೇಗ ಅರ್ಥವಾಗುತ್ತದೆ. ನೊಗ ಹೆಗಲಿಗೆ ಬಿದ್ದರೆ ಎತ್ತು ಮೈಭಾರ ಹಾಕಿ ಎಳೆಯುತ್ತದೆ. ಅದೇ ಎತ್ತನ್ನು ತಿರುಗಿಸಲು ಮೂಗುದಾರ ಸಾಕು.

1. ಬೆನ್ನ ಮೇಲೆ ರಿಂಗ್ ಇರುವುದು: ಇದು ನೊಗದ ಹಾಗೆ. ಭಾರ ಎದೆಗೆ ಹಂಚುವುದರಿಂದ ನಾಯಿಗೆ ನೋವಿಲ್ಲ, ಆದ್ದರಿಂದ ಇನ್ನೂ ಜೋರಾಗಿ ಎಳೆಯುತ್ತದೆ. ಹಿಮದ ನಾಡಿನಲ್ಲಿ ಗಾಡಿ ಎಳೆಯುವ ನಾಯಿಗಳಿಗೂ ಹಗ್ಗ ಕಟ್ಟುವುದು ಬೆನ್ನ ಕಡೆಗೇ. ಶಾಂತವಾಗಿ ನಡೆಯುವ ನಾಯಿಗೆ ಮಾತ್ರ ಸರಿ.

2. ಎದೆಯ ಮುಂದೆ ರಿಂಗ್ ಇರುವುದು: ನಾಯಿ ಮುಂದೆ ನುಗ್ಗಿದ ಕೂಡಲೇ ಹಗ್ಗ ಅದರ ಎದೆಯನ್ನು ನಿಮ್ಮ ಕಡೆಗೆ ತಿರುಗಿಸುತ್ತದೆ. ಬಲ ಕಮ್ಮಿ ಇದ್ದವರಿಗೂ ಹಿಡಿತ ಸಿಗುತ್ತದೆ.

3. ಎರಡೂ ಕಡೆ ರಿಂಗ್ ಇರುವುದು: ನನ್ನ ಆಯ್ಕೆ ಇದೇ. ಕಲಿಯುವ ತನಕ ಮುಂದಿನ ರಿಂಗ್, ಕಲಿತ ಮೇಲೆ ಬೆನ್ನಿನ ರಿಂಗ್.

ಮೊಬೈಲಲ್ಲಿ ಹುಡುಕುವಾಗ "ಫ್ರಂಟ್ ಕ್ಲಿಪ್ ಹಾರ್ನೆಸ್" ಎಂದು ಹಾಕಿ. "ನೋ ಪುಲ್" ಎಂದು ಬರೆದದ್ದನ್ನೆಲ್ಲ ನಂಬಬೇಡಿ, ಫೋಟೋದಲ್ಲಿ ಎದೆಯ ಮೇಲೆ ರಿಂಗ್ ಇದೆಯಾ ನೋಡಿ. ಮುಂದಿನಿಂದ ನೋಡಿದರೆ ಪಟ್ಟಿ ಇಂಗ್ಲಿಷಿನ ವೈ ಅಕ್ಷರದ ಹಾಗೆ ಇರಬೇಕು. ಭುಜಕ್ಕೆ ಅಡ್ಡಲಾಗಿ ಪಟ್ಟಿ ಬಂದರೆ ಮುಂಗಾಲು ಬೀಸಿ ನಡೆಯಲು ತೊಡಕು.

ಅಳತೆ ಹೇಗೆ?

ಟೈಲರ್ ಟೇಪ್ ಸಾಕು, ಇಲ್ಲದಿದ್ದರೆ ದಾರ ಮತ್ತು ಸ್ಕೇಲು. ಮುಂಗಾಲಿನ ಹಿಂದೆ, ಎದೆ ಅತಿ ಅಗಲವಿರುವ ಕಡೆ ಒಂದು ಸುತ್ತು ಅಳೆಯಿರಿ. ಕುತ್ತಿಗೆ ಭುಜಕ್ಕೆ ಸೇರುವಲ್ಲಿ ಇನ್ನೊಂದು. ತಳಿಯ ಹೆಸರು ನೋಡಿ ಸೈಜ್ ಆರ್ಡರ್ ಮಾಡಬೇಡಿ. ಹಾಕಿದ ಮೇಲೆ ಪಟ್ಟಿಯ ಕೆಳಗೆ ಎರಡು ಬೆರಳು ತೂರಬೇಕು. ಕಂಕುಳಿಗೆ ಉಜ್ಜಬಾರದು. ಬೆಳೆಯುವ ಮರಿಯಾದರೆ ತಿಂಗಳಿಗೊಮ್ಮೆ ಮತ್ತೆ ಅಳೆಯಿರಿ.

ಮುಧೋಳ ಸಾಕಿದವರು ಇನ್ನೊಂದು ವಿಷಯ ಗಮನಿಸಿ. ಅದರ ತಲೆ ಕಿರಿದು, ಎದೆ ಆಳ, ಸೊಂಟ ಸಣ್ಣ. ಹಿಂದಕ್ಕೆ ಜಗ್ಗಿದರೆ ಬೆಲ್ಟೂ ಕಳಚುತ್ತದೆ, ಸಡಿಲ ಹಾರ್ನೆಸ್ಸೂ ಕಳಚುತ್ತದೆ. ಪಕ್ಕೆಲುಬಿನ ಹಿಂಭಾಗಕ್ಕೆ ಮೂರನೇ ಪಟ್ಟಿ ಇರುವುದನ್ನು ಕೊಳ್ಳಿ. ಇದು ಕಣ್ಣಿಗೆ ಕಂಡದ್ದನ್ನು ಬೆನ್ನಟ್ಟಲೆಂದೇ ಬೆಳೆದ ತಳಿ. ಮೊಲ ಕಂಡರೆ ನಿಮ್ಮ ಕೂಗು ಅದರ ಕಿವಿಗೆ ಬೀಳುವುದಿಲ್ಲ. ಜಗಳೂರು ತಾಲ್ಲೂಕಿನಲ್ಲಿ ರಂಗಯ್ಯನದುರ್ಗ ಕೊಂಡುಕುರಿ ವನ್ಯಜೀವಿಧಾಮ ಇದೆ. ಆ ಸುತ್ತಿನ ಹೊಲದವರು ನಾಯಿಯನ್ನು ಹಗ್ಗದಿಂದ ಬಿಡಲೇಬೇಡಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಪ್ರಾಣಿಯನ್ನು ಬೇಕೆಂದೇ ಅಟ್ಟಿಸುವುದೂ ಬೇಟೆಯೇ. ಕುರಿ ಹಿಂಡಿಗೆ ನುಗ್ಗಿದರೆ ನಷ್ಟ ಕಟ್ಟಿಕೊಡುವವರೂ ನೀವೇ.

ಕೊಳ್ಳುವಾಗ ಪರೀಕ್ಷೆ

ರಿಂಗ್‌ನ ಜೋಡಣೆ ಬಾಯಿ ಬಿಟ್ಟಿರಬಾರದು, ಬೆಸುಗೆ ಹಾಕಿರಬೇಕು. ರಿಂಗ್ ಇರುವ ಕಡೆ ಹೊಲಿಗೆ ಎರಡು ಮೂರು ಸಾಲು ಇರಲಿ. ಹಗ್ಗ 5-6 ಅಡಿ ಸಾಕು. ಉದ್ದ ಹಗ್ಗದಲ್ಲಿ ನಾಯಿ ಓಡಿ ಬಂದು ಜಗ್ಗಿದರೆ ಅದಕ್ಕೂ ಪೆಟ್ಟು, ನಿಮಗೂ ಪೆಟ್ಟು. ಹಗ್ಗವನ್ನು ಕೈಗೆ ಸುತ್ತಿಕೊಳ್ಳುವುದು, ಬೈಕಿಗೆ ಕಟ್ಟಿ ಓಡಿಸುವುದು, ಎರಡೂ ಬೇಡ.

ಹಾರ್ನೆಸ್ ಒಂದೇ ಕಲಿಸುವುದಿಲ್ಲ

ಮೊದಲ ಮೂರು ನಾಲ್ಕು ದಿನ ಮನೆಯಂಗಳದಲ್ಲೇ ಹಾಕಿ, ಊಟ ಕೊಡಿ, ತೆಗೆಯಿರಿ. ಆಮೇಲೆ ಹೊರಗೆ. ಹಗ್ಗ ಬಿಗಿಯಾದರೆ ನಿಂತುಬಿಡಿ, ವಾಪಸ್ ಜಗ್ಗಬೇಡಿ. ನಾಯಿ ತಿರುಗಿ ನೋಡಿ ಹಗ್ಗ ಸಡಿಲವಾದ ತಕ್ಷಣ ನಡೆಯಿರಿ. ನಿಮ್ಮ ಕಾಲಿನ ಪಕ್ಕಕ್ಕೆ ಬಂದಾಗ ರೊಟ್ಟಿ ಚೂರು ಕೊಡಿ. ಎಳೆದರೆ ದಾರಿ ಸಾಗಲ್ಲ ಅನ್ನುವುದು ಅದಕ್ಕೆ ತಿಳಿಯಬೇಕು. ದಿನಕ್ಕೆ ಹತ್ತು ಹದಿನೈದು ನಿಮಿಷ ಸಾಕು, ಆದರೆ ಮನೆಯವರೆಲ್ಲ ಒಂದೇ ರೀತಿ ಮಾಡಬೇಕು. ನೀವು ನಿಲ್ಲಿಸಿ, ತಮ್ಮ ಎಳೆಸಿಕೊಂಡು ಹೋದರೆ ಕಲಿತದ್ದು ನೀರಲ್ಲಿ ಹೋಮ.

ವಾಪಸ್ ಬಂದ ಮೇಲೆ ಹಾರ್ನೆಸ್ ಬಿಚ್ಚಿಡಿ. ಇಡೀ ದಿನ ಹಾಕಿದ್ದರೆ ಪಟ್ಟಿ ಉಜ್ಜಿ ಹುಣ್ಣಾಗುತ್ತದೆ, ಕೆಳಗೆ ಉಣ್ಣಿ ಸೇರಿಕೊಂಡರೂ ಕಾಣುವುದಿಲ್ಲ. ಕಟ್ಟಿಹಾಕಲು ಅದನ್ನು ಬಳಸಬೇಡಿ, ಒಂದೇ ರಾತ್ರಿಯಲ್ಲಿ ಕಡಿದು ಹಾಕುತ್ತದೆ. ಚಿರತೆ ಓಡಾಡುವ ಕಡೆ ರಾತ್ರಿ ನಾಯಿಯನ್ನು ಹೊರಗೆ ಕಟ್ಟಲೇಬೇಡಿ, ಒಳಗೆ ಅಥವಾ ಗಟ್ಟಿ ಗೂಡಿನಲ್ಲಿ ಇರಲಿ.

ಹೊಸ ಹಾರ್ನೆಸ್ ಬಂದ ದಿನ ನೀವೊಬ್ಬರೇ ನೋಡಿ ಸರಿ ಇದೆ ಅನ್ನಬೇಡಿ. ಅಮ್ಮನೋ, ಹೆಂಡತಿಯೋ, ತಂಗಿಯೋ ಹಗ್ಗ ಹಿಡಿಯಲಿ, ನೀವು ಪಕ್ಕದಲ್ಲಿ ನಡೆಯಿರಿ. ಅವರ ಕೈಯಲ್ಲಿ ನಾಯಿ ನಿಂತರೆ ಇಟ್ಟುಕೊಳ್ಳಿ, ಇಲ್ಲದಿದ್ದರೆ ವಾಪಸ್ ಕಳಿಸುವ ದಿನ ಮುಗಿಯುವುದರೊಳಗೆ ಬದಲಿಸಿ.